ನೀಲವ್ವನ ಮೈಯ ಉಗ್ರಾಣ

ನಾನು ಕೊಬ್ಬು. ಹೆಸರು ಕೇಳಿದೊಡನೆ ಮುಖ ಸಿಂಡರಿಸಬೇಡಿ. ಗದಗಿನ ನೀಲವ್ವ ದೊಡ್ಡವಳಾದಾಗ ಅವಳ ತಾಯಿ ತಿನ್ನಿಸಿದ ಕೊಬ್ಬರಿ, ಉತ್ತತ್ತಿ, ತುಪ್ಪದಿಂದ ನಾನು ಅವಳ ಎದೆಯಲ್ಲಿ ಮೈದಳೆದೆ. ಕೂಡಿಡುವುದು ನನ್ನ ಹುಟ್ಟುಗುಣ. ಉಂಡು ಮಿಕ್ಕದ್ದನ್ನು ಎತ್ತಿಟ್ಟು, ಬೇಕಾದಾಗ ಕೊಡುತ್ತಿದ್ದೆ. ಅವಳು ಮಕ್ಕಳಿಗೆ ಹಾಲೂಡಿಸಿದಾಗ ಅದರಲ್ಲಿ ನನ್ನ ಪಾಲೂ ಇತ್ತು. ಆ ಹೆಮ್ಮೆ ನನಗೆ ಇಂದಿಗೂ ಇದೆ.

ಗಂಡ ತೀರಿದ ಮೇಲೆ ನೀಲವ್ವ ಖಾನಾವಳಿ ತೆರೆದಳು. ಮಂದಿಗೆ ಬಿಸಿ ರೊಟ್ಟಿ ಬಡಿಸಿ, ತಾನು ಹೊತ್ತು ಮೀರಿ ಉಣ್ಣುತ್ತಿದ್ದಳು. "ಅನ್ನ ಚೆಲ್ಲಿದ್ರ ಪಾಪ ಬರ್ತೈತಿ" ಎಂದು ಉಳಿದ ಅನ್ನ, ಹೋಳಿಗೆ, ಎಣ್ಣೆಗಾಯಿ ಎಲ್ಲವನ್ನೂ ತನ್ನ ತಟ್ಟೆಗೇ ಸುರಿದುಕೊಳ್ಳುತ್ತಿದ್ದಳು. ಪಾಪ ಬರಲಿಲ್ಲ, ಅನ್ನವೆಲ್ಲ ನನ್ನ ಬಳಿ ಬಂತು. ಹೊಟ್ಟೆ, ಸೊಂಟ, ತೋಳುಗಳಲ್ಲೆಲ್ಲ ನಾನು ಹಬ್ಬಿದೆ. "ನೀಲವ್ವ ಮೈ ತುಂಬಿಕೊಂಡಾಳ, ಲಕ್ಷ್ಮೀ ಕಳಾ ಬಂದೈತಿ" ಎಂದರು ಓಣಿಯವರು. ನಾನೂ ಉಬ್ಬಿಹೋದೆ.

ಐವತ್ತರ ಹೊತ್ತಿಗೆ ಮುಟ್ಟು ನಿಂತಿತು. ಅಂಡಾಶಯ ಕೆಲಸ ಬಿಟ್ಟು ಕುಳಿತಿತು. ಅದು ತಯಾರಿಸುತ್ತಿದ್ದ ಈಸ್ಟ್ರೋಜನ್ ಎಂಬ ಹಾರ್ಮೋನು ಇನ್ನು ಬಹುಪಾಲು ನನ್ನಿಂದಲೇ ಬರತೊಡಗಿತು. ನಾನು ಬೆಳೆದಷ್ಟೂ ಅದು ಹೆಚ್ಚಿತು. ಲೆಪ್ಟಿನ್ ಎಂಬ ಇನ್ನೊಂದು ಹಾರ್ಮೋನನ್ನೂ ರಕ್ತಕ್ಕೆ ಬಿಡುತ್ತಿದ್ದೆ. "ಉಗ್ರಾಣ ತುಂಬಿದೆ, ಊಟ ಸಾಕು" ಎಂದು ಮಿದುಳಿಗೆ ಹೇಳುವುದು ಅದರ ಕೆಲಸ. ಹೇಳಿ ಹೇಳಿ ಮಿದುಳು ಕಿವಿಗೊಡುವುದನ್ನೇ ಬಿಟ್ಟಿತು.

ಆಗ ಕಂಕುಳ ಹತ್ತಿರ, ನನ್ನ ಮಗ್ಗುಲಲ್ಲೇ, ಹಾಲುನಾಳದ ಒಂದು ಜೀವಕೋಶ ದಾರಿ ತಪ್ಪಿತು. ಏಕೆ ತಪ್ಪಿತೋ ನಾನರಿಯೆ. ನಾನು ಬಿಟ್ಟ ಹಾರ್ಮೋನು ಅದಕ್ಕೂ ಸಿಕ್ಕಿತು, ಅದೂ ಕುಡಿದು ಬೆಳೆಯಿತು. ಹಾವಿಗೆ ಹಾಲೆರೆದಂತಾಯಿತು. ಅದು ಗಂಟಾಗಿ ಕೈಗೆ ಸಿಕ್ಕಾಗ ನೀಲವ್ವ ಒಮ್ಮೆ ಒತ್ತಿ ನೋಡಿ ರೊಟ್ಟಿ ತಟ್ಟಲು ಹೋದಳು.

ದೀಪಾವಳಿಯ ಎಣ್ಣೆಸ್ನಾನಕ್ಕೆ ಮೈದುನನ ಹೆಂಡತಿ ಶರಣವ್ವ ಅವಳ ಮೈಗೆ ಎಣ್ಣೆ ತಿಕ್ಕುತ್ತಿದ್ದಳು. ಕೈ ಕಂಕುಳ ಬಳಿ ನಿಂತಿತು.

"ಅಕ್ಕಾ, ಇದೇನ ಗಂಟು?"

"ಕೊಬ್ಬಿನ ಗಂಟು, ಬಿಡ. ಮುಟ್ಟು ನಿಂತ ಮ್ಯಾಲೆ ಎದಿಗೇನ ರೋಗ ಬರ್ತೈತಿ?"

ಅದು ನಾನಲ್ಲ! ಕೂಗಲು ನನಗೆ ಬಾಯಿರಲಿಲ್ಲ. ಅಷ್ಟು ಸಂಕಟವನ್ನು ನಾನು ಹಿಂದೆಂದೂ ಪಟ್ಟಿರಲಿಲ್ಲ. ಶರಣವ್ವ ಆ ಮಾತು ನಂಬಿ ಕೈ ತೆಗೆದಿದ್ದರೆ ನೀಲವ್ವ ಉಳಿಯುತ್ತಿರಲಿಲ್ಲ.

ಶರಣವ್ವ ನಂಬಲಿಲ್ಲ. "ನಾನೂ ನಿನ್ನಂಗ ದಪ್ಪನ ಅದೇನಿ. ನನ್ನ ಕೊಬ್ಬು ಮೆತ್ತಗ ಐತಿ. ಇದು ಕಲ್ಲಾಗೇತಿ. ಹಬ್ಬ ಸುಡಲಿ, ನಾಳೆನ ಹುಬ್ಬಳ್ಳಿಗೆ ನಡಿ."

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅದು ಕ್ಯಾನ್ಸರ್ ಎಂದು ತಿಳಿಯಿತು. ನೀಲವ್ವನ ಕಣ್ಣಲ್ಲಿ ನೀರು ಬರಲಿಲ್ಲ. ತಲೆ ತಗ್ಗಿಸಿ ಕೇಳಿದಳು: "ನಾ ಉಳದ ಅನ್ನ ಎಲ್ಲಾ ತಿಂದದ್ದಕ್ಕ ಬಂತೇನ್ರಿ, ಡಾಕ್ಟರಬಾಯಾರ?"

"ಹಂಗನ್ನಬ್ಯಾಡ್ರಿ. ತೆಳ್ಳಗಿದ್ದವರಿಗೂ ಬರ್ತೈತಿ. ಮುಟ್ಟು ನಿಂತ ಮ್ಯಾಲೆ ಕೊಬ್ಬು ಭಾಳ ಇದ್ರ ಅಪಾಯ ಹೆಚ್ಚು, ಅಷ್ಟ. ಗಂಟು ತೆಗೀತೀವಿ. ಕೊಬ್ಬು ಹಾರ್ಮೋನು ಮಾಡೂದನ್ನ ತಡಿಯೂ ಗುಳಿಗಿ ಕೊಡ್ತೀನಿ, ಬಿಡದ ತಗೋರಿ. ದಿನಾ ಅಡ್ಡಾಡ್ರಿ. ಉಳದ ಅನ್ನ ದನಕ್ಕ ಹಾಕ್ರಿ."

ಗಂಟನ್ನು ಕತ್ತರಿಸಿದಾಗ ಅದರ ಸುತ್ತಲಿದ್ದ ನನ್ನನ್ನೂ ತೆಗೆದರು. ಪರೀಕ್ಷೆಯ ಕೋಣೆಯಲ್ಲಿ ನನ್ನ ಜಿಡ್ಡೆಲ್ಲ ತೊಳೆದುಹೋಯಿತು. ಉಳಿದ ಬರಿಯ ಗೂಡನ್ನು, ಮುಂದೆ ಬೇಕಾದರೆ ಮತ್ತೆ ನೋಡಲೆಂದು, ಮೇಣದ ಅಚ್ಚಿನಲ್ಲಿ ಹುದುಗಿಸಿ ಆಸ್ಪತ್ರೆಯ ಕಪಾಟಿನಲ್ಲಿಟ್ಟರು. ನನ್ನ ಬಂಧುಗಳು ಅವಳ ಮೈಯಲ್ಲಿ ಇನ್ನೂ ಇದ್ದಾರೆ. ಮೊದಲಿನಷ್ಟಿಲ್ಲವಂತೆ, ಇಲ್ಲದಿರುವುದೇ ಒಳ್ಳೆಯದು. ತುಂಬಿರುವುದೇ ಬಾಳೆಂದು ತಿಳಿದಿದ್ದ ನಾನು ಈ ಮಾತು ಕಲಿಯಲು ಇಲ್ಲಿಗೆ ಬರಬೇಕಾಯಿತು.

ಮೊನ್ನೆ ಗೋಡೆಯಾಚೆ ನೀಲವ್ವನ ದನಿ ಕೇಳಿಸಿತು. "ನಾ ಆರಾಮ ಅದೇನ್ರಿ. ಇವತ್ತ ನಮ್ಮ ಶರಣವ್ವನ ಎದಿ ನೋಡ್ರಿ. ಬರೂದಿಲ್ಲಂತ ಹಟಾ ಹಿಡದಿದ್ಲು, ಎಳಕೊಂಡ ಬಂದೇನಿ."

ಪರದೆ ಎಳೆದ ಸದ್ದಾಯಿತು, ಪರೀಕ್ಷೆ ನಡೆಯಿತು. ಆಮೇಲೆ ಡಾಕ್ಟರಬಾಯಿ, "ಏನೂ ಇಲ್ಲ, ಆರಾಮ ಮನಿಗೆ ಹೋಗ್ರಿ" ಎಂದರು.

ತನಗಾಗಿ ಒಮ್ಮೆಯೂ ಅಳದಿದ್ದ ನೀಲವ್ವ ಆಗ ಗೊಳೋ ಎಂದು ಅತ್ತಳು. ಮೊದಲಾಗಿದ್ದರೆ ಆ ಅಳುವಿಗೆ ಅವಳೆದೆಯಲ್ಲಿ ನಾನೂ ಅಲುಗುತ್ತಿದ್ದೆ. ಈಗ ಮೇಣದೊಳಗೆ ಗಟ್ಟಿಯಾಗಿ ಕುಳಿತು ಕೇಳಿದೆ.