ಅಜ್ಜನ ಜಾಗದಲ್ಲಿ ರೂತಿಯಾ

ಇದು ನಡೆದ ಕಥೆ. ನಾನು ಹೇಳುವುದರಲ್ಲಿ ಉಪ್ಪು ಜಾಸ್ತಿ ಎಂಬ ಅಪವಾದ ನಮ್ಮೂರಲ್ಲಿದೆ. ಸುತ್ತಲೂ ಸಮುದ್ರವಿರುವಾಗ ಅದಕ್ಕೆ ನಾನು ಹೊಣೆಯಲ್ಲ. ನಮ್ಮ ದೇಶವನ್ನು ಬರೆಯುವಾಗ ಕಿರಿಬಾಟಿ, ಕರೆಯುವಾಗ ಕಿರಿಬಾಸ್. ಹೆಸರಲ್ಲೇ ಕಿರಿಯರನ್ನು ಬಾಸ್ ಮಾಡಿಟ್ಟ ದೇಶದಲ್ಲಿ ಕಿರಿಯರ ಶಿಶುವಿಹಾರಕ್ಕೊಂದು ರಾಷ್ಟ್ರೀಯ ನೀತಿ ಹುಟ್ಟಲು ಇಷ್ಟು ವರ್ಷ ಬೇಕಾಯಿತು.

ಆ ನೀತಿಯ ಕರಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದುಕೊಂಡು ರಾಜಧಾನಿ ತರಾವಾದಲ್ಲಿ ಹಡಗು ಹತ್ತಿದವನು ನಾನು, ತೆಕಾಯ್. ದ್ವೀಪದಿಂದ ದ್ವೀಪಕ್ಕೆ ಹೋಗಿ ಅದನ್ನು ಓದಿ ಹೇಳಿ, ಊರಿನ ಒಪ್ಪಿಗೆ ತರುವುದು ಸಚಿವಾಲಯದಲ್ಲಿ ನನ್ನ ಕೆಲಸ. ಕರಡು ಎಂದರೆ ಜನ ಕರಡಿ ಕಂಡ ಹಾಗೆ ಓಡುತ್ತಾರೆ. ಅದಕ್ಕೇ ನಾನು ಒಂದು ಪುಟವನ್ನು ಪಾದ್ರಿಯ ದನಿಯಲ್ಲಿ, ಇನ್ನೊಂದನ್ನು ಹಡಗಿನ ಕ್ಯಾಪ್ಟನ್ನನ ದನಿಯಲ್ಲಿ ಓದುತ್ತೇನೆ. ನಗಲು ಬಂದವರು ನೀತಿ ಕೇಳಿಸಿಕೊಂಡು ಹೋಗುತ್ತಾರೆ.

ಈ ಸಲ ಹಡಗು ಇಳಿಸಿದ್ದು ನನ್ನ ಹುಟ್ಟೂರಿನಲ್ಲಿ. ದಡದಲ್ಲೇ ಕಾದಿದ್ದವಳು ಶಿಶುವಿಹಾರದ ಟೀಚರ್ ಮಕಾರಿತಾ. ಪಡುವಣ ಗಾಳಿ ಅವಳ ಶಿಶುವಿಹಾರದ ಮಾಡನ್ನು ಎತ್ತಿ ಒಳಕಡಲಿಗೆ ಎಸೆದಾಗಿನಿಂದ ಪಾಠವೆಲ್ಲ ಒಂದು ದೀವಿಹಲಸಿನ ಮರದ ಕೆಳಗೆ. ಮಳೆ ಬಂದರೆ ರಜೆ, ಕಾಯಿ ಉದುರಿದರೆ ಅರ್ಧ ರಜೆ.

"ನಿನ್ನ ನೀತಿಯಲ್ಲಿ ಮರ ನಡೆಯುತ್ತಾ?" ಎಂದಳು, ನನ್ನ ಚೀಲ ಕಿತ್ತುಕೊಳ್ಳುತ್ತಾ.

"ಇಲ್ಲ ಅಕ್ಕಾ. ಗಟ್ಟಿ ಸೂರಿದ್ದರೆ ಮಾತ್ರ ನೋಂದಣಿ. ನೋಂದಣಿಯಾದರೆ ಮಾತ್ರ ಟೀಚರಿಗೆ ಸಂಬಳ, ಮಕ್ಕಳಿಗೆ ಪುಸ್ತಕ, ಚಾಪೆ."

"ಊರಲ್ಲಿ ಗಟ್ಟಿ ಸೂರು ಅಂತ ಇರೋದು ಒಂದೇ. ಬಾ, ಕೇಳೋಣ."

ಆ ಒಂದೇ ಸೂರು ಮನೆಯಾಬ, ಊರವರು ಸೇರುವ ದೊಡ್ಡ ಚಾವಡಿ; ಸುತ್ತ ಗೋಡೆಯಿಲ್ಲ, ಸೂರು ಸೊಂಟದ ಮಟ್ಟಕ್ಕೆ ಇಳಿದಿರುತ್ತದೆ. ಅದರೊಳಗೆ ಪ್ರತಿ ಮನೆತನಕ್ಕೂ ಅದರದೇ ಜಾಗ. ಆ ಜಾಗದ ಮುಂದಿನ ಅಂಚಿನಲ್ಲಿ ಯಾರು ಕೂತಿರುತ್ತಾರೋ ಅವರ ಮಾತೇ ಆ ಮನೆತನದ ಮಾತು. ಹಿಂದೆ ಕೂತವರು ಬಾಯಿ ಮುಚ್ಚಿಕೊಂಡಿರಬೇಕು. ಮನೆತನದವರು ಒಮ್ಮೆ ಕೂತರೆ ಸಭೆ ಮುಗಿಯುವ ತನಕ ಎಬ್ಬಿಸುವಂತಿಲ್ಲ. ಸಭೆಯ ಮೊದಲ ಮಾತಿನ ಹಕ್ಕು, ಗಲಾಟೆ ಮಾಡಿದವರನ್ನು ಹೊರಗಟ್ಟುವ ಹಕ್ಕು, ಎರಡೂ ಬೈತೀಕೆ ಅಜ್ಜನ ಮನೆತನದ್ದು. ಅಜ್ಜ ಎರಡನ್ನೂ ಧಾರಾಳವಾಗಿ ಬಳಸುತ್ತಿದ್ದ.

ಅಂದೇ ಸಭೆ ಸೇರಿತು, ನಾನು ಕರಡು ಓದಿ ಮುಗಿಸಿದೆ. ಅಜ್ಜ ಕೇದಗೆ ಎಲೆಯಲ್ಲಿ ತಂಬಾಕು ಸುತ್ತುತ್ತಾ ಕೇಳಿದ: "ಮೂರು ವರ್ಷದ ಮಗು ಏನು ಮಾಡ್ಬೇಕು ಅಂತ ಬರ್ದಿದಾರೋ ಇದರಲ್ಲಿ?"

"ಆಡ್ತಾ ಆಡ್ತಾ ಕಲೀಬೇಕು ಅಂತ, ಅಜ್ಜಾ."

"ಆಡೋಕೆ ಸರ್ಕಾರದ ಅಪ್ಪಣೆ ಬೇಕಾ? ನಮ್ಮನೆ ಹಂದಿಮರಿಗಳೂ ಆಡ್ತವೆ. ಅವಕ್ಕೂ ಒಬ್ಬ ಟೀಚರನ್ನ ಕಳಿಸು."

ಚಾವಡಿ ನಕ್ಕಿತು. ಮಕಾರಿತಾ ನಗಲಿಲ್ಲ. "ಹಂದಿಮರಿಗೆ ಗೂಡಾದ್ರೂ ಇದೆ ಅಜ್ಜಾ. ನನ್ನ ಮಕ್ಕಳಿಗೆ ಅದೂ ಇಲ್ಲ. ಬೆಳಗಿನ ಹೊತ್ತು ಮನೆಯಾಬ ಖಾಲೀನೇ ಇರುತ್ತೆ, ಕೊಡಿ."

ಅಜ್ಜ ಕೆಮ್ಮಿದ. ಅದು ಕಾಯಿಲೆಯ ಕೆಮ್ಮಲ್ಲ, ಕಾಯಿದೆಯ ಕೆಮ್ಮು. ಆಮೇಲೆ ಮಂಡಿಗೆ ಫಟ್ಟನೆ ಹೊಡೆದುಕೊಂಡ. "ಇದು ಮಾತು ಬಲ್ಲವರ ಜಾಗ. ಮಕ್ಕಳು ಗಲಾಟೆ ಮಾಡ್ತವೆ. ಚಿಕ್ಕವರಿಗೆ ಇಲ್ಲೇನು ಕೆಲಸ? ಹೊರಗೆ!" ಸೂರಿನಡಿ ಇಣುಕುತ್ತಿದ್ದ ಮಕ್ಕಳು ಚದುರಿ ಓಡಿದರು. ಸಭೆ ಮುಗಿಯಿತು.

ಮರುದಿನ ಮರದ ಕೆಳಗೆ ನಾನು ಸಪ್ಪಗೆ ಕೂತಿದ್ದೆ. "ಶನಿವಾರ ಹಡಗು ಹೊರಡುತ್ತೆ ಅಕ್ಕಾ. ಒಪ್ಪಿಗೆ ಇಲ್ಲದೆ ಹೋದ್ರೆ ನಿನ್ನ ಶಿಶುವಿಹಾರದ ಹೆಸರು ಬಿಟ್ಟುಹೋಗುತ್ತೆ. ಮತ್ತೆ ಯಾವಾಗ ಸೇರಿಸ್ತಾರೋ."

"ಅಷ್ಟೊತ್ತಿಗೆ ಈ ಮಕ್ಕಳಿಗೆ ಹಾಲುಹಲ್ಲು ಉದುರಿ ಮೀಸೆ ಬಂದಿರುತ್ತೆ. ಶುಕ್ರವಾರ ಇನ್ನೊಂದು ಸಭೆ ಕರೆದಿದೀನಿ."

"ಅಜ್ಜ ಮಾತು ಬದಲಾಯಿಸಲ್ಲ."

"ಮಾತು ಬೇಡ, ಅಜ್ಜನ್ನೇ ಬದಲಾಯಿಸೋಣ. ಅಲ್ಲಿ ನೋಡು."

ಮಕ್ಕಳು ಮರಳಿನಲ್ಲಿ ಗೆರೆ ಎಳೆದು, ತೆಂಗಿನ ಚಿಪ್ಪುಗಳ ಕಂಬ ನಿಲ್ಲಿಸಿ ಮನೆಯಾಬದ ಆಟ ಆಡುತ್ತಿದ್ದರು. ಒಬ್ಬೊಬ್ಬರೂ ತಂತಮ್ಮ ಮನೆತನದ ಜಾಗದಲ್ಲೇ ಕೂತಿದ್ದರು, ಒಂದೂ ತಪ್ಪಿಲ್ಲ. ಬೈತೀಕೆ ಅಜ್ಜನ ಮೊಮ್ಮಗಳು ರೂತಿಯಾ ಒಣ ಎಲೆಯೊಂದನ್ನು ಬಾಯಿಗಿಟ್ಟುಕೊಂಡು ಮಂಡಿಗೆ ಹೊಡೆದುಕೊಂಡಳು. ಮೀನನ್ನು ಮೊದಲು ಯಾರಿಗೆ, ಆಮೇಲೆ ಯಾರಿಗೆ ಹಂಚಬೇಕೆಂದು ಹುಕುಂ ಕೊಟ್ಟಳು. ಮೀನು ಎಂದರೆ ಹವಳದ ಚೂರು.

"ಇದನ್ನೆಲ್ಲ ಯಾರು ಕಲಿಸಿದ್ರು?" ಎಂದೆ.

"ಯಾರೂ ಇಲ್ಲ. ಆಡ್ತಾ ಆಡ್ತಾ ಕಲ್ತಿದಾರೆ. ನಿನ್ನ ಕರಡಲ್ಲಿ ಹಾಗಂತ ಬರೆದಿದೆ, ಓದಿದೀಯ ತಾನೇ?" ಎಂದು ನನ್ನ ತಲೆಗೊಂದು ಮೊಟಕಿದಳು. "ಕೆಮ್ಮು ಮಾತ್ರ ಸರಿಯಾಗಿಲ್ಲ. ಅದು ನಿನ್ನ ಇಲಾಖೆ."

ಶುಕ್ರವಾರದವರೆಗೆ ನಾನು ರೂತಿಯಾಳಿಗೆ ಕೆಮ್ಮಿನ ಮೇಷ್ಟರಾದೆ. ಒಂದು ಕೆಮ್ಮಿಗೆ ಒಂದು ಬಿಸ್ಕತ್ತು. ಹುಡುಗಿ ಬೇಗ ಕಲಿತಳು, ನನ್ನ ಡಬ್ಬ ಅದಕ್ಕಿಂತ ಬೇಗ ಖಾಲಿಯಾಯಿತು. ಕೊನೆಗೆ ಹೇಳಬೇಕಾದ ಮಾತನ್ನೂ ಬಾಯಿಪಾಠ ಮಾಡಿಸಿದೆ: "ಮನೆಯಾಬವನ್ನ ಮಕ್ಕಳಿಗೆ ಕೊಟ್ಟಿದೀನಿ."

"ಅಜ್ಜನಿಗೆ ಸಿಟ್ಟು ಬಂದ್ರೆ?" ಎಂದು ಮಕಾರಿತಾಳನ್ನು ಕೇಳಿದೆ. ಹಿರಿಯರನ್ನು ಅವರ ಚಾವಡಿಯಲ್ಲೇ ಅಣಕಿಸುವುದು ಸಣ್ಣ ವಿಷಯವಲ್ಲ.

"ಸಿಟ್ಟು ಬಂದ್ರೆ ಮರದ ಕೆಳಗೆ ಕೂರಿಸ್ತಾರೆ. ಈಗೆಲ್ಲಿದೀವಿ?"

ಶುಕ್ರವಾರ ಸಭೆಯ ಶಂಖ ಊದುವ ಮೊದಲೇ ಮಕಾರಿತಾ ಮಕ್ಕಳನ್ನು ಒಳಗೆ ಬಿಟ್ಟಳು. ದೊಡ್ಡವರೆಲ್ಲ ಬಗ್ಗಿ ನುಸುಳುವ ಆ ತಗ್ಗು ಸೂರಿನಡಿ ಅವರು ಮಾತ್ರ ನೆಟ್ಟಗೆ ನಡೆದುಹೋದರು, ತಂತಮ್ಮ ಜಾಗದ ಮುಂದಿನ ಅಂಚಿನಲ್ಲಿ ಕಾಲು ಮಡಚಿ ಕೂತರು. ಹಿರಿಯರು ಬಂದರು, ನೋಡಿದರು, ಗೊಣಗಿದರು. ಕೂತವರು ಸ್ವಂತ ಮೊಮ್ಮಕ್ಕಳು, ಎಬ್ಬಿಸುವಂತಿಲ್ಲ. ಹಿಂದೆ ಕೂತರು. ಎಂದಿನಂತೆ ಕೊನೆಗೆ ಬಂದವನು ಬೈತೀಕೆ ಅಜ್ಜ.

"ಏಳೇ ಪುಟ್ಟಿ."

"ಮನೆತನದವರು ಕೂತ ಮೇಲೆ ಎಬ್ಬಿಸಬಾರದು ಅಂತ ನೀವೇ ಹೇಳ್ತಿರ್ತೀರಲ್ಲ, ಅಜ್ಜಾ," ಎಂದಳು ಮಕಾರಿತಾ.

ಅಜ್ಜ ನನ್ನತ್ತ ಒಂದು ನೋಟ ಬೀರಿದ. ನಾನು ಸೂರಿನ ಹೆಣಿಗೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಅಜ್ಜ ಹಿಂದೆ ಕೂತ. ಮುಂದೆ ರೂತಿಯಾ ಕೆಮ್ಮಿದಳು.

ಅದೆಂಥ ಕೆಮ್ಮು! ಗುರುವನ್ನು ಮೀರಿದ ಕೆಮ್ಮು. ಹೆಂಗಸರ ಸಾಲು ಸೆರಗಿಲ್ಲದೆ ಅಂಗೈಯನ್ನೇ ಬಾಯಿಗೆ ತುರುಕಿಕೊಂಡಿತು. ರೂತಿಯಾ ಅತಿಥಿಗೆ ಸ್ವಾಗತ ಹೇಳಿದಳು. ಎಳನೀರನ್ನು ಸರದಿ ತಪ್ಪದೆ ಹಂಚಿಸಿದಳು. ಎದುರು ಜಾಗದ ಹುಡುಗ ಅವನ ತಾತನಂತೆಯೇ ಆಕಳಿಸಿ ಉತ್ತರ ಕೊಟ್ಟ. ಬೈತೀಕೆ ಅಜ್ಜನ ಮುಖ ಮಾತ್ರ ಪಡುವಣ ಗಾಳಿ ಏಳುವ ಮುಂಚಿನ ಆಕಾಶವಾಗಿತ್ತು.

ಮಕಾರಿತಾ ಮುಂದೆ ಬಂದು ಕೂತಳು. "ಮೊದಲ ಮಾತಿನವರೇ, ಬೆಳಗಿನ ಹೊತ್ತು ಮನೆಯಾಬವನ್ನ ಮಕ್ಕಳಿಗೆ ಕೊಡ್ತೀರಾ?"

ನಾನು ದೂರದಿಂದಲೇ ತುಟಿಯಲ್ಲಿ ಮಾತು ಹೇಳಿಕೊಟ್ಟೆ. ರೂತಿಯಾ ನನ್ನನ್ನು ನೋಡಲೇ ಇಲ್ಲ. ಅವಳು ಆ ಹೊತ್ತಿಗೆ ಪೂರಾ ಅಜ್ಜನೇ ಆಗಿಬಿಟ್ಟಿದ್ದಳು. ಮಂಡಿಗೆ ಫಟ್ಟನೆ ಹೊಡೆದುಕೊಂಡು ಹೇಳಿದಳು:

"ಕೊಡಲ್ಲ. ಮಕ್ಕಳು ಗಲಾಟೆ ಮಾಡ್ತವೆ."

ಮೊದಲ ಮಾತು ಬಿತ್ತು. ಬಿದ್ದ ಮಾತು ಮಾತೇ, ಆಡಿದವರೇ ಬದಲಾಯಿಸದ ಹೊರತು. ಮಕಾರಿತಾ ಕೂತಲ್ಲಿಂದ ಏಳಲಿಲ್ಲ. "ನಮ್ಮ ಮಕ್ಕಳ ಗಲಾಟೆ ಕೇಳಿದೀರಾ? ಇವತ್ತು ಇಷ್ಟು ಹೊತ್ತಾಯ್ತು. ಇನ್ನೊಂದ್ಸಲ ಯೋಚನೆ ಮಾಡಿ ಹೇಳಿ," ಎಂದಳು.

ಅಜ್ಜ ಸುತ್ತ ನೋಡಿದ. ಮಕ್ಕಳು ಮಡಚಿದ ಕಾಲು ಬಿಚ್ಚಿರಲಿಲ್ಲ, ಒಬ್ಬರೂ ಸರದಿ ತಪ್ಪಿಸಿರಲಿಲ್ಲ. ಅಜ್ಜ ಮೆಲ್ಲನೆ ಮುಂದೆ ಬಾಗಿ ಮೊಮ್ಮಗಳ ಕಿವಿಯಲ್ಲಿ, "ಹೌದು ಪುಟ್ಟಿ, ಗಲಾಟೆ ಏನೂ ಇಲ್ವಲ್ಲ…" ಎಂದ.

ರೂತಿಯಾ ಗರಕ್ಕನೆ ತಿರುಗಿದಳು. "ಯಾರದು ಹಿಂದೆ ಕೂತು ಮಾತಾಡೋದು? ಚಿಕ್ಕವರಿಗೆ ಇಲ್ಲೇನು ಕೆಲಸ? ಹೊರಗೆ!"

ಅಜ್ಜ ಎದ್ದ. ಎಲ್ಲರೂ ನೋಡುತ್ತಿದ್ದಂತೆ ಬೆನ್ನು ಬಗ್ಗಿಸಿ ಸೂರಿನಡಿ ನುಸುಳಿ ಹೊರಗೆ ಹೋದ, ದಿನವೂ ತಾನು ಅಟ್ಟುವ ಮಕ್ಕಳು ನಿಲ್ಲುವ ಬಿಸಿಲಲ್ಲೇ ನಿಂತ. ಅವನ ಕಾಲು ಮಾತ್ರ ನಮಗೆ ಕಾಣುತ್ತಿತ್ತು. ಬಿಳಿ ಮರಳು ಸುಡುತ್ತಿದ್ದಿರಬೇಕು, ಒಂದು ಕಾಲು ಎತ್ತಿ ಇನ್ನೊಂದು ಊರುತ್ತಿದ್ದ.

ಬಹಳ ಹೊತ್ತಿನ ಮೇಲೆ ಹೊರಗಿನಿಂದ ದನಿ ಬಂತು. "ಮೊದಲ ಮಾತಿನವರೇ, ಇಲ್ಲಿ ಬಿಸಿಲು. ನಿಲ್ಲೋಕಾಗಲ್ಲ. ಒಳಗೆ ಬರ್ಲಾ?"

"ಗಲಾಟೆ ಮಾಡ್ತೀಯಾ?" ಎಂದಳು ರೂತಿಯಾ.

"ಇಲ್ಲ."

"ಕಾಲು ಮಡಚಿ ಕೂರ್ತೀಯಾ?"

"ಮಂಡಿ ನೋವು ಕಣೇ. ಆದ್ರೂ ಕೂರ್ತೀನಿ."

ರೂತಿಯಾ ಎಲೆಯನ್ನು ಬಾಯಿಂದ ತೆಗೆದು ಯೋಚಿಸಿದಳು. "ಹಂಗಾದ್ರೆ ಬಾ. ಕಾಲು ಮಡಚಿ ಕೂರೋ ಚಿಕ್ಕವರೆಲ್ಲ ಬರ್ಲಿ."

"ದಿನಾ ಬೆಳಿಗ್ಗೆನಾ?" ಮಕಾರಿತಾ ತಟ್ಟನೆ ಕೇಳಿದಳು.

"ದಿನಾ."

"ತೆಕಾಯ್, ಬರ್ಕೋ."

ನನಗೆ ತಕ್ಷಣ ಬರೆದುಕೊಳ್ಳಲು ಆಗಲಿಲ್ಲ. ಸೂರಿನಾಚೆ ಆ ಎರಡು ಕಾಲುಗಳು ಕುಪ್ಪಳಿಸತೊಡಗಿದ್ದವು. ಅಜ್ಜನ ಕಾಲನ್ನು ಮರಳು ಸುಡುತ್ತಿದೆ ಎಂದುಕೊಂಡು ಇಬ್ಬರು ಓಡಿಹೋಗಿ ಕರೆತಂದರು. ಬೈತೀಕೆ ಅಜ್ಜ ಕಂಬ ತಬ್ಬಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, ಕೆಮ್ಮಿ ಕೆಮ್ಮಿ ನಗುತ್ತಿದ್ದ. ಊರಿಗೆ ಊರೇ ನಗುತ್ತಿತ್ತು. ಅವನ ನಗುವಿನಡಿ ಊರಿನ ನಗು ಕೇಳಿಸುತ್ತಲೇ ಇರಲಿಲ್ಲ.