ಗಂಗವ್ವನ ಕಾಸು

ಪುಣೆಯಲ್ಲಿ ನನ್ನನ್ನು ಮೀನಿನ ಡಾಕ್ಟರ್ ಎಂದು ಕರೆಯುತ್ತಿದ್ದರು. ಅದರಲ್ಲಿ ಅರ್ಧ ಗೇಲಿ, ಅರ್ಧ ಮರ್ಯಾದೆ. ನಾನು ಮರ್ಯಾದೆಯ ಅರ್ಧವನ್ನು ಇಟ್ಟುಕೊಂಡು ಗೇಲಿಯ ಅರ್ಧ ಕೇಳಿಸದವನಂತೆ ಇರುತ್ತಿದ್ದೆ. ಅಲ್ಲಿಯ ಕ್ಯಾಂಪ್ ಬಡಾವಣೆಯಲ್ಲಿ ಪ್ರಲ್ಹಾದ ಸೇಠರದು ಸಾಕುಮೀನಿನ ಅಂಗಡಿ. ಅವರು ಮೀನು ಮಾರುತ್ತಿದ್ದರು, ನಾನು ಕೊಂಡವರ ಮನೆಗೆ ಹೋಗಿ ಗಾಜಿನ ತೊಟ್ಟಿ ಕೂಡಿಸಿ, ವಾರಕ್ಕೊಮ್ಮೆ ತೊಳೆದು ಬರುತ್ತಿದ್ದೆ. ಒಂಬತ್ತು ವರ್ಷದಲ್ಲಿ ಅರವತ್ತು ತೊಟ್ಟಿ ಕೂಡಿಸಿದ್ದೆ. ಅರವತ್ತೂ ಸಿಹಿನೀರಿನವು.

೨೦೦೪ರಲ್ಲಿ ಬಿಬವೇವಾಡಿಯ ಮುರುಗೆಪ್ಪ ಸಾಹುಕಾರರು ಸಮುದ್ರದ ಮೀನೇ ಬೇಕೆಂದು ಹಟ ಹಿಡಿದರು. ಅವರು ಬಿಜಾಪುರ ಕಡೆಯ ಬೆಲ್ಲದ ವ್ಯಾಪಾರಿ. ಮನೆಯಲ್ಲಿ ಮೊಟ್ಟೆಯ ಹೆಸರೆತ್ತುವಂತಿಲ್ಲ, ಆದರೆ ಪಡಸಾಲೆಯಲ್ಲಿ ಕಡಲು ಬೇಕು! ಆ ಕೆಲಸ ನನಗೆ ಸಿಕ್ಕಿದ್ದು ಯಮನವ್ವನಿಂದ. ಆ ಮನೆಯ ಕಸ ಮುಸುರೆ ಮಾಡುವವಳು, ನನ್ನಂತೆಯೇ ದೇವದುರ್ಗದ ಕಡೆಯವಳು. ಅದೇ ಕಟ್ಟಡ ಏಳುವಾಗ ತಲೆಯ ಮೇಲೆ ಗಚ್ಚು ಹೊತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಸಾಹುಕಾರರ ಹೆಂಡತಿ ಶಿವಕಾಂತಾಬಾಯಿ ಅವಳನ್ನು ಕೆಲಸಕ್ಕೆ ಇಟ್ಟುಕೊಂಡು, ಮೆಟ್ಟಿಲ ಕೆಳಗಿನ ಖೋಲಿ ಬಿಟ್ಟುಕೊಟ್ಟಿದ್ದರು. ಹನ್ನೊಂದು ವರ್ಷದಿಂದ ಆ ಖೋಲಿಯೇ ಅವಳ ಊರು, ಅವಳ ಮನೆ. "ಹುಸೇನಪ್ಪ ನಮ್ಮ ಕಡಿಯಂವ ರೀ, ಕೆಲಸ ಛಲೋ ಮಾಡ್ತಾನ" ಎಂದು ಅವಳು ಹೇಳಿದ ಮೇಲೆಯೇ ಸಾಹುಕಾರರು ಸೇಠರಿಗೆ ನನ್ನನ್ನೇ ಕಳಿಸಲು ಹೇಳಿದ್ದು.

ಈಗ ನನ್ನದೊಂದು ಪದ್ಧತಿ ಹೇಳಬೇಕು. ನನ್ನಪ್ಪ ಬಾವಿ ತೋಡುವವನು. ಹೊಸ ಬಾವಿಯಲ್ಲಿ ನೀರು ಕಂಡ ಕೂಡಲೇ ಅರಿಸಿನ ಹಚ್ಚಿದ ತಾಮ್ರದ ತೂತಿನ ಕಾಸೊಂದನ್ನು ಗಂಗವ್ವನಿಗೆಂದು ಬಿಡುತ್ತಿದ್ದ. ಸಾಯುವಾಗ ಅಂಥ ಕಾಸುಗಳ ಒಂದು ಸರವನ್ನೇ ನನಗೆ ಬಿಟ್ಟುಹೋದ. ನಾನು ಬಾವಿ ತೋಡಲಿಲ್ಲ, ತೊಟ್ಟಿ ಕೂಡಿಸಿದೆ. ಆದರೂ ನೀರು ನೀರೇ ತಾನೆ? ಪ್ರತಿ ಹೊಸ ತೊಟ್ಟಿಗೆ ಮೊದಲ ಬಕೆಟ್ ಸುರಿಯುವಾಗ ಯಾರಿಗೂ ಕಾಣದಂತೆ ಒಂದು ಕಾಸನ್ನು ಮರಳಿನಡಿ ಹುಗಿಯುತ್ತಿದ್ದೆ. ಸೇಠರಿಗೆ ಗೊತ್ತಾದರೆ ನಗುತ್ತಾರೆಂದು ಹೇಳಿರಲಿಲ್ಲ. ಸಾಹುಕಾರರ ತೊಟ್ಟಿ ದೊಡ್ಡದು, ಕಡಲಿನದು. ಒಂದು ಕಾಸು ಕೊಟ್ಟರೆ ಗಂಗವ್ವನಿಗೆ ಅವಮಾನವೆನ್ನಿಸಿ ಐದು ಹುಗಿದೆ. ಬಕೆಟ್ ಹಿಡಿದು ನಿಂತಿದ್ದ ಯಮನವ್ವ ಮಾತ್ರ ನೋಡಿ, ಒದ್ದೆ ಕೈಯಲ್ಲೇ ನಮಸ್ಕಾರ ಮಾಡಿದಳು.

ಸಮುದ್ರದ ಉಪ್ಪು ಕರಗಿಸಿ, ನೀರು ಹದಕ್ಕೆ ಬರಲೆಂದು ಮೂರು ವಾರ ಬಿಟ್ಟೆವು. ಆಮೇಲೆ ಒಂದು ಭಾನುವಾರ ಮೀನು ತಂದೆ. ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು, ಜೊತೆಗೊಂದು ಕೆಂಪು ಸೀಗಡಿ. ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ತೊಟ್ಟಿಯ ನೀರನ್ನು ಅದಕ್ಕೆ ಲೋಟ ಲೋಟವಾಗಿ ಹಾಕಿ, ಒಂದೂವರೆ ತಾಸು ಕಾದು ಮೀನನ್ನು ಬಿಟ್ಟೆ. ಒಂದು ನಿಮಿಷವೂ ಅವಸರ ಮಾಡಲಿಲ್ಲ.

ಮಂಗಳವಾರ ಶಿವಕಾಂತಾಬಾಯಿ ಅಂಗಡಿಗೆ ಫೋನು ಮಾಡಿದರು. "ಹುಸೇನಪ್ಪ, ನಿನ್ನ ಮೀನ ಕುಡದವರಂಗ ಓಲಾಡಲಿಕ್ಕತ್ತಾವ ನೋಡು."

"ಅಕ್ಕಾರ, ಆ ಜಾತಿ ಮೀನದ ಈಸೂದನ ಹಂಗ್ರಿ. ಸುಮ್ಮ ಗಾಬರಿ ಆಗಬ್ಯಾಡ್ರಿ" ಎಂದೆ. ಹೇಳಿದ್ದು ಸುಳ್ಳಲ್ಲ. ಆ ಮೀನು ಆರೋಗ್ಯವಾಗಿದ್ದರೂ ನಡು ಬಳುಕಿಸುತ್ತಲೇ ಈಜುತ್ತದೆ. ಆದರೆ ನೋಡದೆ ಹೇಳಿದೆ. ಡಾಕ್ಟರ್ ಅಲ್ಲವೇ, ಫೋನಿನಲ್ಲೇ ರೋಗ ತಿಳಿಯುತ್ತಿತ್ತು ನನಗೆ!

ಬುಧವಾರ ಹೋಗಿ ನೋಡಿದೆ. ಒಂದು ಮೀನು ತಲೆ ಮೇಲೆ, ಬಾಲ ಕೆಳಗೆ ಮಾಡಿಕೊಂಡು ನೀರಿನ ಮೇಲ್ಭಾಗಕ್ಕೆ ಬಾಯಿ ಹಚ್ಚಿತ್ತು. ಇನ್ನೊಂದು ಎಡಕ್ಕೆ ವಾಲಿ ಒಂದೇ ಕಡೆ ಸುತ್ತುತ್ತಿತ್ತು. ನಡುನಡುವೆ ಕಲ್ಲಿಗೆ ಮೈ ಉಜ್ಜುತ್ತಿತ್ತು. ಕಿವಿರುಗಳು ಓಡಿಬಂದವರ ಎದೆಯಂತೆ ಬಡಿಯುತ್ತಿದ್ದವು. ಉಪ್ಪಿನ ಮಾಪಕ ಹಾಕಿ ನೋಡಿದೆ, ಉಪ್ಪು ಸರಿಯಿತ್ತು. ನೀರಿನ ಬಿಸಿ ಸರಿಯಿತ್ತು, ಗಾಳಿಯ ಪಂಪು ಚೆನ್ನಾಗಿ ಓಡುತ್ತಿತ್ತು. ಹೊಟ್ಟೆಯೊಳಗಿನ ಗಾಳಿಚೀಲ ಕೆಟ್ಟರೂ ಮೀನು ಹೀಗೆ ವಾಲುವುದುಂಟು. ಆದರೆ ಎರಡಕ್ಕೂ ಒಂದೇ ದಿನ ಕೆಡುವುದೆಂದರೇನು? ಸೇಠರಿಗೆ ಫೋನು ಹಚ್ಚಿದೆ.

"ಕೋಳಂಬಿ ಮೇಲೀ ಕಾ?" ಎಂದು ಅವರು ಮರಾಠಿಯಲ್ಲಿ ಮೊದಲು ಕೇಳಿದ್ದೇ ಸೀಗಡಿ ಸತ್ತಿದೆಯೇ ಎಂದು. ಕಲ್ಲಿನ ಸಂದಿಯಲ್ಲಿ ಹುಡುಕಿದೆ. ಸತ್ತು ಬೆಳ್ಳಗಾಗಿ ಬಿದ್ದಿತ್ತು. ನೀರಿಗೆ ವಿಷ ಬಿದ್ದರೆ ಮೊದಲು ಸಾಯುವುದು ಸೀಗಡಿಯೇ, ಏನು ಬಿದ್ದಿದೆ ನೋಡು ಎಂದರು ಸೇಠರು.

ನಾನು ಫೋನು ಇಟ್ಟು, ಎಲ್ಲರೂ ಕೇಳುವ ಹಾಗೆ ಗಂಟಲು ಸರಿಮಾಡಿಕೊಂಡು ಹೇಳಿದೆ: "ನೀರಿಗೆ ಯಾರೋ ಏನೋ ಹಾಕ್ಯಾರ್ರಿ. ವಿಷ ಅದ."

ಆ ಮಾತಿನ ರುಚಿ ಈಗಲೂ ನನ್ನ ನಾಲಿಗೆಯ ಮೇಲಿದೆ. ಶಿವಕಾಂತಾಬಾಯಿ ನೆಲ ಒರೆಸುತ್ತಿದ್ದ ಯಮನವ್ವನ ಕಡೆಗೆ ತಿರುಗಿದರು. ಅವಳ ಪಕ್ಕದಲ್ಲಿ ಫಿನಾಯಿಲಿನ ಬಕೆಟ್ ಇತ್ತು.

"ಆ ಅರಿವಿ ತೊಟ್ಟಿ ಮ್ಯಾಲೆ ಹಿಂಡಿದೇನು?"

"ಇಲ್ರೀ ಅಕ್ಕಾರ. ದೇವರಾಣಿ ಇಲ್ರೀ."

"ಮತ್ತ ಹುಸೇನಪ್ಪ ಹೇಳ್ತಾನಲ್ಲ, ಯಾರೋ ಹಾಕ್ಯಾರಂತ? ನಾ ಹಾಕಿನೇನು? ಸಾಹುಕಾರರು ಹಾಕ್ಯಾರೇನು?"

ಯಮನವ್ವ ನನ್ನ ಮುಖ ನೋಡಿದಳು. ನಾನು ಮಾಪಕ ತೊಳೆಯುವವನಂತೆ ತಲೆ ತಗ್ಗಿಸಿದೆ. ಅವಳಿಂದಲೇ ಆಗಿದೆಯೆಂದು ನನಗೂ ಒಳಗೊಳಗೆ ಅನ್ನಿಸಿತ್ತು. ಫಿನಾಯಿಲಿನ ಕೈಯನ್ನು ಗಾಜಿಗೆ ಹಚ್ಚಿರಬಹುದು, ಪಾಪ, ಅವಳಿಗೇನು ಗೊತ್ತು ಎಂದುಕೊಂಡೆ. ಆ 'ಪಾಪ' ಅಂದದ್ದಕ್ಕೆ ನನ್ನ ಮೇಲೆ ನನಗೆ ಹೆಚ್ಚು ಸಿಟ್ಟು.

ಗುರುವಾರ ಕಾಲುಭಾಗ ನೀರು ಬದಲಿಸಿದೆ. ಏನೂ ಆಗಲಿಲ್ಲ. ಶುಕ್ರವಾರ ಸುತ್ತುತ್ತಿದ್ದ ಮೀನು ಸತ್ತಿತು. ಶಿವಕಾಂತಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಅದನ್ನು ನೋಡಿ, ಶಾಂತವಾಗಿಯೇ ಹೇಳಿದರು: "ಯಮನವ್ವ, ಸೋಮವಾರದಿಂದ ಬ್ಯಾರೆ ಹೆಣಮಗಳು ಬರ್ತಾಳ. ಖೋಲಿ ಖಾಲಿ ಮಾಡು." ಯಮನವ್ವ ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಸತ್ತ ಮೀನನ್ನು ಕಾಗದದಲ್ಲಿ ಸುತ್ತಿ ಹೊರಗೆ ಒಯ್ದಳು. ಐವತ್ತೈದು ದಾಟಿದ ಒಂಟಿ ಹೆಂಗಸು ಪುಣೆಯಲ್ಲಿ ಮತ್ತೊಂದು ಖೋಲಿಯನ್ನು ಎಲ್ಲಿ ಹುಡುಕಬೇಕು?

ಶನಿವಾರ ಉಳಿದ ಮೀನನ್ನಾದರೂ ಉಳಿಸೋಣವೆಂದು ಮತ್ತೆ ಹೋದೆ. ಮನೆಯವರು ಒಳಗಿದ್ದರು. ಯಮನವ್ವ ದೇವರ ತಾಮ್ರದ ಪಾತ್ರೆ ಬೆಳಗುತ್ತಿದ್ದಳು. ಯಾವಾಗಲೂ ಹಿಂದಿನ ಬಾಲ್ಕನಿಯಲ್ಲಿ ಬೆಳಗುವವಳು ಅಂದು ಪಡಸಾಲೆಯ ಬಾಗಿಲಲ್ಲೇ, ನನಗೆ ಎದುರಾಗಿ ಕೂತಿದ್ದಳು. ಹುಣಸೆಹಣ್ಣಿಗೆ ಒಂದು ಹಿಡಿ ಉಪ್ಪು ಕಲಸಿ ತಂಬಿಗೆಗೆ ಹಚ್ಚಿ ತಿಕ್ಕಿದಳು. ಕೆಳಗಿನ ತಾಟಿಗೆ ಹಸಿರು ನೀರು ಇಳಿಯಿತು. ಮತ್ತೆ ಉಪ್ಪು ಹಚ್ಚಿದಳು, ಮತ್ತೆ ಹಸಿರು ಇಳಿಯಿತು. ಅವಳು ನನ್ನ ಕಡೆ ನೋಡಲೂ ಇಲ್ಲ, ಮಾತಾಡಲೂ ಇಲ್ಲ.

ಉಪ್ಪು ತಾಮ್ರವನ್ನು ತಿನ್ನುತ್ತದೆ. ಇದು ನಮ್ಮ ಮನೆಗಳ ಚಿಕ್ಕ ಹುಡುಗಿಯರಿಗೂ ಗೊತ್ತು. ತಾಮ್ರದಲ್ಲಿ ಮಜ್ಜಿಗೆ ಇಡಬಾರದು, ಉಪ್ಪಿನಕಾಯಿ ಇಡಬಾರದು, ಕಿಲುಬು ಏಳುತ್ತದೆ ಎಂದು ಅವ್ವ ಎಷ್ಟು ಸಲ ಬೈದಿದ್ದಳು! ಅರವತ್ತು ಸಿಹಿನೀರಿನ ತೊಟ್ಟಿಗಳಲ್ಲಿ ತೆಪ್ಪಗೆ ಮಲಗಿದ್ದ ಕಾಸು ಇಲ್ಲಿ ನಾಲ್ಕು ವಾರದಿಂದ ಉಪ್ಪುನೀರಿನಲ್ಲಿ ಕರಗುತ್ತಿತ್ತು.

ಮೊಣಕೈತನಕ ತೋಳು ಇಳಿಸಿ ಮರಳು ಕೆದಕಿದೆ. ಐದೂ ಕಾಸು ಸಿಕ್ಕವು. ಅಂಗೈ ಬಿಚ್ಚಿದರೆ ಹಚ್ಚಗೆ ಕಿಲುಬು ಹಿಡಿದಿದ್ದವು. ಬೇಗ ಕಿಸೆಗೆ ಹಾಕಿಕೊಂಡೆ. ಮುಕ್ಕಾಲು ಭಾಗ ನೀರು ತೆಗೆದು, ಮೀಸಲಿಗೆಂದು ಕಲಸಿಟ್ಟಿದ್ದ ಹೊಸ ಉಪ್ಪುನೀರು ತುಂಬಿ, ಉಳಿದ ವಿಷ ಹೀರಲೆಂದು ಇದ್ದಿಲಿನ ಪುಡಿಯ ಚೀಲವನ್ನು ಪಂಪಿನ ಬಾಯಿಗೆ ಕಟ್ಟಿದೆ. ಮಧ್ಯಾಹ್ನದ ಹೊತ್ತಿಗೆ ಮೀನು ಬಾಲವನ್ನು ಸ್ವಲ್ಪ ಮೇಲೆತ್ತಿತು.

ಹೇಳಬೇಕಿತ್ತು. ಆಗಲೇ ಒಳಗೆ ಹೋಗಿ, ತಪ್ಪು ನನ್ನದು ಎನ್ನಬೇಕಿತ್ತು. ಹೇಳಲಿಲ್ಲ. ಮೀನು ಬದುಕಿದರೆ ಶಿವಕಾಂತಾಬಾಯಿಯ ಸಿಟ್ಟು ತಾನಾಗಿ ಇಳಿಯುತ್ತದೆ, ಯಮನವ್ವ ಉಳಿಯುತ್ತಾಳೆ, ನನ್ನ ಹೆಸರೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಹೆದರಿದ್ದೆ ಎಂದರೆ ಸಾಕು, ಉಳಿದದ್ದೆಲ್ಲ ನೆಪ.

ಭಾನುವಾರ ಹೋದಾಗ ಮೀನು ನೆಟ್ಟಗೆ ಈಜುತ್ತಿತ್ತು. ಎಂದಿನ ಬಳುಕು ಬಂದಿತ್ತು. ಮುರುಗೆಪ್ಪ ಸಾಹುಕಾರರು ನನ್ನನ್ನು ಸೋಫಾದ ಮೇಲೆ ಕೂಡಿಸಿದರು. ಒಂಬತ್ತು ವರ್ಷದಲ್ಲಿ ಯಾರ ಮನೆಯಲ್ಲೂ ನಾನು ಸೋಫಾದ ಮೇಲೆ ಕೂತಿರಲಿಲ್ಲ. ಯಮನವ್ವ ಚಹಾ ತಂದಿಟ್ಟಳು. ಅವಳ ಗಂಟು ಕೆಳಗೆ ಮೆಟ್ಟಿಲ ಬಳಿ ಕಟ್ಟಿಟ್ಟದ್ದನ್ನು ನಾನು ಬರುವಾಗಲೇ ಕಂಡಿದ್ದೆ.

"ಖರೇ ಡಾಕ್ಟರ್ ನೀ!" ಎಂದರು ಸಾಹುಕಾರರು.

"ಮೀನ ಉಳೀತಲ್ರಿ ಅಕ್ಕಾರ, ಇನ್ನ ಯಮನವ್ವಗ..." ಎಂದು ನಾನು ರಾಗ ಎಳೆದೆ.

"ಮೀನ ಉಳಿಸಿದಾಂವ ನೀ. ಹಾಳ ಮಾಡಿದಾಕಿ ಆಕಿನ ಅಲ್ಲೇನು? ಆಗೂದಿಲ್ಲಪಾ. ನಾಳಿಗೆ ಹೊಸಾಕಿ ಬರ್ತಾಳ" ಎಂದರು ಶಿವಕಾಂತಾಬಾಯಿ.

ನಾನು ಚಹಾ ಕುಡಿದೆ. ಗುಟುಕು ಗುಟುಕಾಗಿ ಪೂರ್ತಿ ಕುಡಿದೆ, ಕಪ್ಪಿನ ತಳದಲ್ಲಿ ಇನ್ನು ಏನೂ ಉಳಿಯದಷ್ಟು. ಆಮೇಲೆ ಕಿಸೆಗೆ ಕೈ ಹಾಕಿ ಐದೂ ಕಾಸನ್ನು ಟೀಪಾಯಿಯ ಮೇಲೆ ಇಟ್ಟೆ.

"ಇವು ತೊಟ್ಟ್ಯಾಗ ಇದ್ದುವ್ರಿ. ನಾನ ಹಾಕಿದ್ದೆ. ವಿಷ ಇದಾ ರೀ, ಫಿನಾಯಿಲ್ ಅಲ್ಲ."

ಅಪ್ಪನ ಬಾವಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಸಾಹುಕಾರರು ಒಂದು ಕಾಸನ್ನು ಎತ್ತಿ ನೋಡಿ ಇಟ್ಟು, ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡರು. ಬೈಯಲಿಲ್ಲ. ಎದ್ದು ಹೋಗಿ ಸೇಠರಿಗೆ ಫೋನು ಮಾಡಿ, ಇನ್ನು ಮೇಲೆ ತೊಟ್ಟಿಗೆ ಬೇರೆಯವರನ್ನು ಕಳಿಸಿ ಎಂದು ಮರಾಠಿಯಲ್ಲಿ ಹೇಳಿದರು. ಶಿವಕಾಂತಾಬಾಯಿ ಕಿಟಕಿಯ ಕಡೆ ತಿರುಗಿದರು. ಮುಖ ಈಚೆ ತಿರುಗಿಸದೆಯೇ ಹೇಳಿದರು: "ಯಮನವ್ವ, ಆ ಹೊಸಾಕಿಗೆ ನಾಳೆ ಬರಬ್ಯಾಡ ಅಂತ ನೀನ ಹೋಗಿ ಹೇಳಿ ಬಾ. ಬರೂ ಮುಂದ ಹಾಲು ತಗೊಂಡು ಬಾ."

ಅಷ್ಟೇ. ಅವಳ ಹನ್ನೊಂದು ವರ್ಷಕ್ಕೆ ಮರಳಿ ಸಿಕ್ಕದ್ದು ಆ ಎರಡು ಮಾತು.

ಕೆಳಗೆ ಮೆಟ್ಟಿಲ ಬಳಿ ಅವಳು ಗಂಟು ಬಿಚ್ಚುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು, "ಅಕ್ಕಾ, ತಪ್ಪಾತು" ಎಂದೆ.

"ಪಾತ್ರಿ ಅಲ್ಲಿ ತಂದು ಯಾಕ ಬೆಳಗಿದೆ ಅಂತ ತಿಳದಿ?"

ಅವಳು ಗಂಟಿನ ಇನ್ನೊಂದು ಕಟ್ಟು ಬಿಚ್ಚಿದಳು.

"ಆ ಕಾಸಿಂದನ ಆಗೇದ ಅಂತ ಬುಧವಾರನ ನನಗ ಗೊತ್ತಾಗಿತ್ತು. ನಾ ಹೇಳಿದ್ರ ತನ್ನ ತಪ್ಪು ನಿನ್ನ ಮ್ಯಾಲೆ ಹಾಕತಾಳ ಅಂತಿದ್ರು. ನೀನ ಹೇಳಬೇಕಾಗಿತ್ತು."

"ಹೇಳಿದೆನಲ್ಲಕ್ಕ" ಎಂದೆ, ಮಗುವಿನಂತೆ.

"ಹೇಳಿದಿ. ನಿನ್ನಿ ತಿಳದದ್ದನ್ನ ಇವತ್ತ, ನನ್ನ ಕೈಲೆ ಚಹಾ ಕುಡದ ಮ್ಯಾಲೆ ಹೇಳಿದಿ" ಎಂದು ಅವಳು ಗಂಟಿನಿಂದ ತನ್ನ ತಂಬಿಗೆಯನ್ನು ತೆಗೆದು ಗೂಡಿನಲ್ಲಿಟ್ಟಳು. ಆಮೇಲೆ ಹಾಲಿನ ಕ್ಯಾನು ಹಿಡಿದು ನನ್ನನ್ನು ದಾಟಿ ಹೋದಳು.