ಬಾಗಿಲಲ್ಲಿ ನಿಂತು ತೆಗೆದ ವಿಡಿಯೋ

ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಅಳಿಯನಿಗೆ ಭಾರಿ ತಮಾಷೆಗಾರ ಎಂಬ ಹೆಸರಿತ್ತು. ಮೇಣ ಕೆತ್ತುತ್ತ ಅವನು ಬಿಡುವ ಒಂದೊಂದು ಮಾತಿಗೂ ಜೊತೆಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಹೆಸರು ಉಳಿಸಿಕೊಳ್ಳುವ ಚಪಲವೇ ಅವನಿಗೆ ಮುಳುವಾಯಿತು.

ಮಾವನವರು ಬಸ್ ಡ್ರೈವರಾಗಿ ನಿವೃತ್ತರಾದವರು. ಮಂಡಿ ಆಪರೇಷನ್ ಆದಮೇಲೆ ಮಗಳ ಮನೆಗೆ ಬಂದಿದ್ದರು. ಹೊತ್ತು ಹೋಗಲೆಂದು ಮಗಳು ಒಂದು ವಿಡಿಯೋ ಗೇಮ್ ತಂದುಕೊಟ್ಟಳು. ಅವಳು ಚಿಕ್ಕವಳಿದ್ದಾಗ ಅಪ್ಪ ಮಗಳು ಟಿವಿಗೆ ಅಂಟಿಕೊಂಡು ನೋಡುತ್ತಿದ್ದ ಜಪಾನಿನ ಧಾರಾವಾಹಿಯದೇ ಆಟ ಅದು. ಕೆಂಪು ಮುಖವಾಡದ ವೀರ, ರಬ್ಬರ್ ಚರ್ಮದ ರಾಕ್ಷಸರು, ಮಾತಿಗೊಂದು ಒದೆ. ಶಕ್ತಿಯ ಪಟ್ಟಿ ತುಂಬಿತೆಂದರೆ ಪರದೆಯ ಮೇಲಿನ ಸಾಧಾರಣ ಮನುಷ್ಯ ವೀರನಾಗಿ ಬದಲಾಗುತ್ತಿದ್ದ. ಆಗ ಮಾವನವರೂ ಸುಮ್ಮನಿರರು. ಬನಿಯನ್ನಿನಲ್ಲೇ ಎದ್ದು, ಆ ವೀರನ ಹಾಗೇ ಒಂದು ಕೈ ಸೊಂಟಕ್ಕಿಟ್ಟು ಇನ್ನೊಂದನ್ನು ಮೇಲಕ್ಕೆತ್ತಿ, "ಬದಲಾಗು!" ಎಂದು ಸೂರು ಹಾರಿಹೋಗುವಂತೆ ಕೂಗುತ್ತಿದ್ದರು.

ಒಂದು ಸಂಜೆ ಅಳಿಯ ಬಾಗಿಲಲ್ಲಿ ನಿಂತು ಅದನ್ನು ಮೊಬೈಲಿನಲ್ಲಿ ಹಿಡಿದ. "ನಮ್ಮನೆ ಕಾವಲುಗಾರ" ಎಂದು ಬರೆದು ಲ್ಯಾಬಿನ ಗುಂಪಿಗೆ ಕಳಿಸಿದ. ಅದಕ್ಕೆ ಯಾರೋ ಕುಚೇಷ್ಟೆಯ ಹಾಡು ಸೇರಿಸಿದರು. ಊರೆಲ್ಲ ಸುತ್ತಿತು.

ಮುಂದಿನ ಭಾನುವಾರ ಇಬ್ಬರೂ ಕ್ಷೌರಕ್ಕೆ ಹೋದರು. ಕ್ಷೌರಿಕ ತನ್ನ ಮೊಬೈಲನ್ನು ಮಾವನವರ ಮುಖದ ಮುಂದೆ ಹಿಡಿದ.

"ಯಜಮಾನ್ರೇ, ಇದು ನೀವೇ ತಾನೆ?"

ಅಂಗಡಿಯವರೆಲ್ಲ ಘೊಳ್ಳೆಂದು ನಕ್ಕರು. ಮಾವನವರು ಕೊನೆವರೆಗೂ ನೋಡಿ, "ಹೌದಪ್ಪ, ನಾನೇ" ಎಂದರು. ಪಕ್ಕದ ಕುರ್ಚಿಯಲ್ಲಿ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಅಳಿಯ ಕಣ್ಣು ಮುಚ್ಚಿ ನಿದ್ದೆ ಬಂದವನಂತೆ ನಟಿಸಿದ.

ಮನೆಗೆ ಬಂದವರೇ ಮಾವನವರು ಗೇಮನ್ನು ಡಬ್ಬಿಗೆ ಹಾಕಿಟ್ಟರು. "ಕಣ್ಣು ಉರಿಯುತ್ತೆ ಮಗಳೇ, ಸಾಕು."

"ಅಪ್ಪನಿಗೆ ಏನಾಯ್ತು ರೀ?" ಎಂದು ಹೆಂಡತಿ ಕೇಳಿದಾಗ ಅಳಿಯ, "ನನಗೇನು ಗೊತ್ತು?" ಎಂದುಬಿಟ್ಟ. ಮರುದಿನ ಲ್ಯಾಬಿನಲ್ಲಿ ಯಾರೋ ಮುದುಕಿಯ ಮೇಲಿನ ದವಡೆಗೆ ಕೆಳಗಿನ ಹಲ್ಲು ಕೂರಿಸಿ ಬೈಸಿಕೊಂಡ. ಕೊನೆಗೆ ತಡೆಯಲಾರದೆ, ಹೆಂಡತಿ ಹೊರಗೆ ಹೋಗಿದ್ದ ಹೊತ್ತು ನೋಡಿ ಮಾವನವರ ಎದುರು ನಿಂತ.

"ಮಾವ, ಆ ವಿಡಿಯೋ... ತೆಗೆದಿದ್ದು ನಾನೇ. ತಪ್ಪಾಯ್ತು."

"ಗೊತ್ತು ಅಳಿಯಂದ್ರೆ. ಬಾಗಿಲಲ್ಲಿ ನಗ್ತಾ ನಿಂತಿದ್ರಲ್ಲ, ಕಣ್ಣಂಚಲ್ಲೇ ನೋಡಿದ್ದೆ." ಅವರು ಮಂಡಿ ನೀವಿಕೊಂಡರು. "ನಿಮಗೆ ಖುಷಿ ಆಗ್ತಿದೆ ಅಂದ್ಕೊಂಡು ಅವತ್ತು ಇನ್ನೂ ಜೋರಾಗಿ ಕೂಗಿದೆ."

ನೆಲ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು ಅಳಿಯನಿಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಹೆಂಡತಿಗೂ ಅವನೇ ಹೇಳಿದ. "ನಗೋಕೆ ನಿಮಗೆ ನಮ್ಮಪ್ಪನೇ ಬೇಕಿತ್ತಾ?" ಎಂದವಳು ಆಮೇಲೆ ವಾರವೆಲ್ಲ ಮಾತಾಡಲಿಲ್ಲ. ವಿಡಿಯೋ ಅಳಿಸಿ ಎಂದು ಕಂಡಕಂಡವರನ್ನೆಲ್ಲ ಬೇಡಿಕೊಂಡ. ಕೆಲವರು ಅಳಿಸಿದರು.

ಅಂತೂ ಒಂದು ದಿನ ಮಾವನವರೇ ಗೇಮ್ ಹೊರತೆಗೆದರು. "ಬನ್ನಿ ಅಳಿಯಂದ್ರೆ, ಒಬ್ಬನೇ ಆಡಿ ಬೇಜಾರು." ಅಳಿಯ ಪಕ್ಕದಲ್ಲಿ ಮುದುಡಿ ಕೂತ. ಯಾವ ಬಟನ್ನಿಗೆ ಏನೆಂದು ಮಾವನವರು ಮಗುವಿಗೆ ಹೇಳಿಕೊಟ್ಟಂತೆ ಹೇಳಿಕೊಟ್ಟರು. ಅವನು ಕೈಯಲ್ಲಿದ್ದ ಬಟನ್ನುಗಳನ್ನೇ ನೋಡುತ್ತಿದ್ದ.

"ತಲೆ ಎತ್ತಿ, ರಾಕ್ಷಸ ಮೇಲಿಂದ ಬರ್ತಿದಾನೆ!"

ತಲೆ ಎತ್ತಿದ. ಪರದೆಯನ್ನು ನೋಡಿದ. ಪಕ್ಕಕ್ಕೆ ತಿರುಗಿ ಮಾವನವರ ಮುಖ ನೋಡುವ ಧೈರ್ಯ ಮಾತ್ರ ಬರಲಿಲ್ಲ.